ಸ್ವಾಯತ್ತ ಕಾಲೇಜಾಗುವ ತಯಾರಿ: ಮೊದಲ ಅಂಕಪಟ್ಟಿಯಿಂದ ಹಿಂದಕ್ಕೆ ಎಣಿಸಿ

ಪದವಿ ಕಾಲೇಜೊಂದು ಸ್ವಾಯತ್ತ ಆಗಬೇಕೆಂದು, ಅಂದರೆ ವಿಶ್ವವಿದ್ಯಾಲಯದ ಅಡಿಯಲ್ಲೇ ಇದ್ದು ಪಠ್ಯಕ್ರಮ, ಪರೀಕ್ಷೆಗಳನ್ನು ತಾನೇ ನೋಡಿಕೊಳ್ಳಬೇಕೆಂದು ತೀರ್ಮಾನಿಸಿದ ಮರುದಿನವೇ ಸಾಮಾನ್ಯವಾಗಿ ಎರಡು ಕೆಲಸ ಶುರುವಾಗುತ್ತವೆ. ಒಂದು, ಹೊಸ ಪಠ್ಯಕ್ರಮದ ಚರ್ಚೆ. ಇನ್ನೊಂದು, ಗೇಟಿನ ಬೋರ್ಡಿಗೆ ‘ಸ್ವಾಯತ್ತ’ ಎಂಬ ಪದ ಸೇರಿಸುವ ಯೋಚನೆ. ಎರಡೂ ಕಾಯಬಹುದು, ಪರೀಕ್ಷೆ ಕಾಯುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಸೇರಿದ ಸಂಯೋಜಿತ ಕಾಲೇಜಿಗೆ ಪಾಠ ಮಾಡುವುದು ಗೊತ್ತು, ಪ್ರವೇಶ ಮಾಡಿಕೊಳ್ಳುವುದು ಗೊತ್ತು, ಕಾಲೇಜುಗಳಿಗೆ ಗುಣಮಟ್ಟದ ಶ್ರೇಣಿ ಕೊಡುವ ನ್ಯಾಕ್‌ಗೆ ಕಡತ ಕಟ್ಟುವುದೂ ಗೊತ್ತು. ಪ್ರಶ್ನೆಪತ್ರಿಕೆ ತರಿಸಿ, ಮುದ್ರಿಸಿ, ಮೌಲ್ಯಮಾಪನ ಮಾಡಿಸಿ, ಫಲಿತಾಂಶ ಪ್ರಕಟಿಸಿ, ಅದರ ಮೇಲೆ ಬರುವ ತಕರಾರಿಗೆ ತಾನೇ ಸಹಿ ಹಾಕಿ ಉತ್ತರ ಕೊಡುವುದು ಮಾತ್ರ ಗೊತ್ತಿಲ್ಲ. ಇಷ್ಟು ವರ್ಷ ಅದನ್ನೆಲ್ಲ ವಿಶ್ವವಿದ್ಯಾಲಯ ಮಾಡುತ್ತಿತ್ತು. ತಡವಾದರೆ ಬೈಯಲೂ ಅದೇ ಸಿಗುತ್ತಿತ್ತು.

ಆದ್ದರಿಂದ ಯೋಜನೆಯ ಮೊದಲ ಹಾಳೆಯಲ್ಲಿ ಒಂದೇ ದಿನಾಂಕ ಬರೆಯಿರಿ: ಸ್ವಾಯತ್ತ ಪದ್ಧತಿಯ ಮೊದಲ ಸೆಮಿಸ್ಟರಿನ ಅಂಕಪಟ್ಟಿ ವಿದ್ಯಾರ್ಥಿಯ ಕೈ ಸೇರುವ ದಿನ. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಹಾಗೆ ಎಣಿಸಿದರೆ ಹದಿನೆಂಟು ತಿಂಗಳು ಬೇಕಾಗುತ್ತದೆ. ಹನ್ನೆರಡರಲ್ಲಿ ಮುಗಿಸಿದವರೂ ಇದ್ದಾರೆ, ಆದರೆ ಅವರ ಮೊದಲ ಫಲಿತಾಂಶದ ಮೇಲೆ ತಿದ್ದುಪಡಿ ಪ್ರಕಟಣೆಗಳ ಸಾಲೇ ಬಂದಿರುತ್ತದೆ.

ಅರ್ಜಿ

ಎಲ್ಲರೂ ಹೆದರುವ ಭಾಗ ಇದು, ನಿಜಕ್ಕೂ ಸುಲಭವಾದದ್ದೂ ಇದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ಸ್ವಾಯತ್ತ ಕಾಲೇಜುಗಳ ನಿಯಮಾವಳಿಯಂತೆ ಕಾಲೇಜು ಯುಜಿಸಿ ಕಾಯ್ದೆಯ 2(ಎಫ್) ಕಲಮಿನಡಿ ಮಾನ್ಯವಾದ ಕಾಲೇಜುಗಳ ಪಟ್ಟಿಯಲ್ಲಿರಬೇಕು, ಶುರುವಾಗಿ ಕನಿಷ್ಠ 10 ವರ್ಷ ಆಗಿರಬೇಕು. ಜೊತೆಗೆ ನ್ಯಾಕ್‌ನಲ್ಲಿ ಕನಿಷ್ಠ ‘ಎ’ ಶ್ರೇಣಿ ಬೇಕು, ಇಲ್ಲವೇ ಕನಿಷ್ಠ ಮೂರು ಕೋರ್ಸುಗಳಿಗೆ ತಲಾ 675ಕ್ಕೆ ಕಡಿಮೆಯಿಲ್ಲದ ಅಂಕದ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಬೇಕು. ಅನುದಾನಿತ, ಅನುದಾನರಹಿತ ಎಂಬ ಭೇದವಿಲ್ಲ. ಅರ್ಜಿ ಪೋರ್ಟಲ್ ಮೂಲಕವೇ ಹೋಗುತ್ತದೆ. ಮಾತೃ ವಿಶ್ವವಿದ್ಯಾಲಯಕ್ಕೆ ಅಭಿಪ್ರಾಯ ಕೊಡಲು 30 ದಿನ ಇದೆ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಆಕ್ಷೇಪ ಇಲ್ಲವೆಂದೇ ಲೆಕ್ಕ. ಯುಜಿಸಿ ಸ್ವಾಯತ್ತತೆ ಕೊಟ್ಟ ಮೇಲೆ ವಿಶ್ವವಿದ್ಯಾಲಯ 30 ದಿನದೊಳಗೆ ಅಧಿಸೂಚನೆ ಹೊರಡಿಸಬೇಕು. ಮೊದಲ ಅವಧಿ 10 ವರ್ಷ.

ಇಲ್ಲಿ ಎಡವುವ ಜಾಗ ಒಂದೇ, ನ್ಯಾಕ್ ಮಾನ್ಯತೆಯ ಗಡುವು. ಶ್ರೇಣಿ ಸಿಕ್ಕಿ ನಾಲ್ಕು ವರ್ಷ ಕಳೆದ ಮೇಲೆ ಸ್ವಾಯತ್ತತೆಯ ಯೋಚನೆ ಬಂದರೆ ಅರ್ಜಿ ಮತ್ತು ಮರುಮೌಲ್ಯಾಂಕನ ಎರಡೂ ಕಾಲೇಜಿನ ಒಂದೇ ಆಂತರಿಕ ಗುಣಮಟ್ಟ ಘಟಕದ (ಐಕ್ಯೂಎಸಿ) ತಲೆ ಮೇಲೆ ಒಟ್ಟಿಗೆ ಬೀಳುತ್ತವೆ. ಆಗ ಎರಡರಲ್ಲೊಂದು ಕೆಡುತ್ತದೆ. ಮಾನ್ಯತೆಗೆ ಇನ್ನೂ ಎರಡು ವರ್ಷವಾದರೂ ಆಯುಸ್ಸು ಇರುವಾಗಲೇ ಅರ್ಜಿ ಹಾಕಿ.

ಮೂವತ್ತು ದಿನದ ಮೌನವೇ ಒಪ್ಪಿಗೆ ಎಂಬ ನಿಯಮ ಇದೆಯೆಂದು ವಿಶ್ವವಿದ್ಯಾಲಯವನ್ನು ಬದಿಗಿಡಬೇಡಿ. ಮುಂದೆಯೂ ಪದವಿ ಕೊಡುವುದು ಅದೇ, ಪಠ್ಯಕ್ರಮ ರೂಪಿಸುವ ನಿಮ್ಮ ಅಧ್ಯಯನ ಮಂಡಳಿಗಳಲ್ಲಿ ಕೂರುವುದು ಅದರ ಪ್ರತಿನಿಧಿಗಳೇ. ಅರ್ಜಿ ಹಾಕುವ ಮುಂಚೆಯೇ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ಹೋಗಿ ಮೂರು ವಿಷಯ ಲಿಖಿತವಾಗಿ ಕೇಳಿ: ನೋಂದಣಿ ಸಂಖ್ಯೆಯ ಮಾದರಿ ಯಾವುದು, ಅಂತಿಮ ಫಲಿತಾಂಶದ ದತ್ತಾಂಶವನ್ನು ಯಾವ ರೂಪದಲ್ಲಿ ಕಳಿಸಬೇಕು, ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳಿಗೆಲ್ಲ ಒಂದೇ ಆದ ಯುಯುಸಿಎಂಎಸ್ ತಂತ್ರಾಂಶದಲ್ಲಿ ನಿಮ್ಮ ವಿದ್ಯಾರ್ಥಿಗಳ ಪ್ರವೇಶ ಎಲ್ಲಿವರೆಗೆ ದಾಖಲಾಗಬೇಕು. ಈ ಮೂರಕ್ಕೆ ಉತ್ತರ ಸಿಗದೆ ಪರೀಕ್ಷಾ ತಂತ್ರಾಂಶ ಕೊಂಡರೆ ಮೂರನೇ ವರ್ಷ ಅದನ್ನು ಮತ್ತೆ ಕೊಳ್ಳಬೇಕಾಗುತ್ತದೆ.

ಮೊದಲು ಲೆಕ್ಕ ಹಾಕಿ

ವರ್ಷಕ್ಕೆ 400 ಮಕ್ಕಳು ಸೇರುವ ಒಂದು ಕಾಲೇಜು ಎಂದಿಟ್ಟುಕೊಳ್ಳಿ. ಪ್ರತಿ ಸೆಮಿಸ್ಟರಿಗೆ ಏಳು ಪತ್ರಿಕೆ. ಮೊದಲ ಸೆಮಿಸ್ಟರಿನಲ್ಲಿ 2,800 ಉತ್ತರ ಪತ್ರಿಕೆ. ಇಷ್ಟನ್ನು ಯಾರಾದರೂ ಸಂಭಾಳಿಸುತ್ತಾರೆ. ಎಲ್ಲ ಚೆನ್ನಾಗಿಯೇ ಆಯಿತೆಂದು ಸಿಹಿ ಹಂಚುವುದೂ ಆಗುತ್ತದೆ. ಮೂರನೇ ವರ್ಷದ ಡಿಸೆಂಬರಿನಲ್ಲಿ ಒಂದು, ಮೂರು, ಐದನೇ ಸೆಮಿಸ್ಟರ್ ಒಟ್ಟಿಗೆ ಬಂದಾಗ ಅದು 8,400 ಆಗುತ್ತದೆ. ಫೇಲಾಗಿ ಹಿಂದೆ ಉಳಿದ ಪತ್ರಿಕೆಗಳು ಶೇ. 15 ಎಂದರೂ ಒಟ್ಟು 9,660. ಒಬ್ಬ ಮೌಲ್ಯಮಾಪಕರು ದಿನಕ್ಕೆ 40 ಪತ್ರಿಕೆ ನೋಡಿದರೆ ಸುಮಾರು 242 ಆಳುದಿನ. ಇಪ್ಪತ್ತು ಜನ ಕೂತರೆ ಹನ್ನೆರಡು ದಿನ, ಅದೂ ಎಲ್ಲ ವಿಷಯಕ್ಕೂ ಸಮವಾಗಿ ಜನ ಇದ್ದರೆ. ಇರುವುದಿಲ್ಲ. ವಾಣಿಜ್ಯ ವಿಭಾಗದಲ್ಲಿ ಮೂವರು ನೋಡಬೇಕಾದ ರಾಶಿ ಮನೆಯೆತ್ತರ ಇರುತ್ತದೆ, ಇನ್ನೊಂದು ವಿಭಾಗದಲ್ಲಿ ಎರಡೇ ದಿನದಲ್ಲಿ ಕೆಲಸ ಮುಗಿದು ಚಹಾ ಕುಡಿಯುತ್ತಿರುತ್ತಾರೆ.

ಈ ಲೆಕ್ಕವನ್ನು ನಿಮ್ಮ ಕಾಲೇಜಿನ ಅಂಕಿಗಳೊಂದಿಗೆ, ವಿಷಯವಾರು, ಮೂರನೇ ವರ್ಷದವರೆಗೆ ಮಾಡಿ. ಕೋಣೆ, ಬೀರು, ಜನ, ಹಣ ಎಲ್ಲವನ್ನೂ ಮೂರನೇ ವರ್ಷದ ಸಂಖ್ಯೆಗೆ ತಕ್ಕಂತೆ ಯೋಜಿಸಿ. ಬಹುತೇಕ ಕಾಲೇಜುಗಳು ಮೊದಲ ವರ್ಷದ ಅಳತೆಗೆ ಅಂಗಿ ಹೊಲಿಸಿಕೊಳ್ಳುತ್ತವೆ.

ಪರೀಕ್ಷಾ ವಿಭಾಗ

ಪರೀಕ್ಷಾ ನಿಯಂತ್ರಕರು ಕಾಯಂ ಅಧ್ಯಾಪಕರೇ ಆಗಿರಬೇಕು. ನಿವೃತ್ತಿಗೆ ಎರಡು ವರ್ಷ ಇರುವ ಹಿರಿಯರನ್ನು ಗೌರವಕ್ಕಾಗಿ ಕೂರಿಸುವ ರೂಢಿ ಉಂಟು. ಅವರು ಹೊರಟಾಗ ಮೊದಲ ಬ್ಯಾಚ್ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಕನಿಷ್ಠ ಐದು ವರ್ಷ ಸೇವೆ ಉಳಿದಿರುವವರನ್ನು ಹುಡುಕಿ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇದ್ದರೆ ನಿಯಂತ್ರಕರಿಗೆ ಅದನ್ನು ಆರಕ್ಕೋ ಎಂಟಕ್ಕೋ ಇಳಿಸಿ, ಇಳಿಸಿದ್ದನ್ನು ಆದೇಶದಲ್ಲಿ ಬರೆಯಿರಿ. ಬಾಯಿಮಾತಿನಲ್ಲಿ ಇಳಿಸಿದ ಗಂಟೆಗಳು ವೇಳಾಪಟ್ಟಿ ಬಂದಾಗ ಮತ್ತೆ ಏರಿರುತ್ತವೆ. ಅವರ ಕೆಳಗೆ ಇಬ್ಬರು ಉಪನಿಯಂತ್ರಕರಿರಲಿ. ಪ್ರಶ್ನೆಪತ್ರಿಕೆ ಒಬ್ಬರದು, ಮೌಲ್ಯಮಾಪನ ಮತ್ತೊಬ್ಬರದು. ಈ ಎರಡು ಕೈ ಒಂದೇ ಆಗಬಾರದು. ಇವರ ಜೊತೆ ಕಚೇರಿಯ ಇಬ್ಬರು, ಕಂಪ್ಯೂಟರ್ ಬಲ್ಲ ಒಬ್ಬರು, ಒಬ್ಬ ಅಟೆಂಡರ್ ಇದ್ದರೆ ಸಾಕು.

ಗೌಪ್ಯ ಕೋಣೆಗೆ ಒಂದೇ ಬಾಗಿಲು, ಎರಡು ಬೀಗ, ಕೀಲಿಕೈ ಇಬ್ಬರ ಬಳಿ. ಒಳಗೆ ಇಂಟರ್‌ನೆಟ್ ಸಂಪರ್ಕವಿಲ್ಲದ ಒಂದು ಕಂಪ್ಯೂಟರ್, ಪ್ರತಿ ತೆಗೆಯುವ ಯಂತ್ರ ಮತ್ತು ಅದಕ್ಕೆ ಇನ್ನೊಂದು ಮಸಿ ಡಬ್ಬಿ, ಯುಪಿಎಸ್, ಹಾಳೆ ಚೂರು ಮಾಡುವ ಯಂತ್ರ, ಕಬ್ಬಿಣದ ಬೀರು. ಬಾಗಿಲ ಮೇಲೆ ಸಿಸಿಟಿವಿ. ಒಳಗೆ ಹೋಗುವವರು ಸಮಯ ಹಾಕಿ ಸಹಿ ಮಾಡುವ ಪುಸ್ತಕ. ಮೊಬೈಲ್ ಹೊರಗೆ. ಪ್ರಾಂಶುಪಾಲರದೂ.

ಪ್ರಶ್ನೆಪತ್ರಿಕೆಯ ವೇಳಾಪಟ್ಟಿಯನ್ನು ಪರೀಕ್ಷೆಯ ಮೊದಲ ದಿನದಿಂದ ಹಿಂದಕ್ಕೆ ಹೀಗೆ ಎಣಿಸಿ. 90 ದಿನ ಮುಂಚೆ ಪತ್ರಿಕೆ ತಯಾರಕರ ಪಟ್ಟಿಗೆ ಒಪ್ಪಿಗೆ. 75 ದಿನಕ್ಕೆ ಅವರಿಗೆ ಪತ್ರ. 50 ದಿನಕ್ಕೆ ಹಸ್ತಪ್ರತಿ ಕೈಸೇರಬೇಕು. 40ರಿಂದ 30ರ ನಡುವೆ ಪರಿಶೀಲನಾ ಮಂಡಳಿ ಕೂರಬೇಕು. 25 ದಿನಕ್ಕೆ ಶುಲ್ಕದ ಕೊನೆಯ ದಿನ ಮತ್ತು ಹಾಜರಾತಿ ಕೊರತೆಯ ಪಟ್ಟಿ. 10 ದಿನಕ್ಕೆ ಪ್ರವೇಶಪತ್ರ ಮತ್ತು ಮುದ್ರಣ. ನಡುವೆ ಒಂದಿಷ್ಟು ದಿನದ ಸಡಿಲ ಬಿಟ್ಟಿರುವುದು ಬೇಕೆಂದೇ: ಹಸ್ತಪ್ರತಿ ಸಮಯಕ್ಕೆ ಕೊಡದವರು ಕನಿಷ್ಠ ನಾಲ್ವರಾದರೂ ಇರುತ್ತಾರೆ.

ಪ್ರತಿ ಪತ್ರಿಕೆಗೆ ಎರಡು ಸೆಟ್ ತರಿಸಿ, ಒಂದು ಹೊರಗಿನವರಿಂದ. ಯಾವ ಸೆಟ್ ಬಳಕೆಯಾಗುತ್ತದೆಂದು ತಯಾರಿಸಿದವರಿಗೂ ಗೊತ್ತಾಗಬಾರದು. ಪತ್ರದ ಜೊತೆ ಪಠ್ಯಕ್ರಮ, ಘಟಕವಾರು ಅಂಕಹಂಚಿಕೆ, ಮಾದರಿ ಪತ್ರಿಕೆ, ಮೌಲ್ಯಮಾಪನ ಸೂತ್ರದ (ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬ ಪಟ್ಟಿಯ) ಖಾಲಿ ನಮೂನೆ ಕಳಿಸಿ. ಸೂತ್ರ ಬಾರದಿದ್ದರೆ ಸಂಭಾವನೆ ಇಲ್ಲ ಎಂದು ಪತ್ರದಲ್ಲೇ ಇರಲಿ. ಮೌಲ್ಯಮಾಪನದ ಬೆಳಿಗ್ಗೆ ಕೂತು ಸೂತ್ರ ಬರೆಯುವ ಪದ್ಧತಿ ಇರುವಲ್ಲಿ ಅರ್ಧ ದಿನ ವಾದದಲ್ಲೇ ಹೋಗುತ್ತದೆ.

ಕನ್ನಡದಲ್ಲಿ ಪತ್ರಿಕೆ ಮಾಡುವ ನಮ್ಮ ಕಾಲೇಜುಗಳಿಗೆ ಇನ್ನೊಂದು ತೊಡಕು ಇದೆ. ತಯಾರಕರು ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿ ಕಡತ ಕಳಿಸುತ್ತಾರೆ. ಗೌಪ್ಯ ಕೋಣೆಯ ಕಂಪ್ಯೂಟರಿನಲ್ಲಿ ಆ ಅಕ್ಷರವಿನ್ಯಾಸ ಇಲ್ಲದಿದ್ದರೆ ತೆರೆದಾಗ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಯುನಿಕೋಡ್‌ಗೆ ಪರಿವರ್ತಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕದಲುತ್ತವೆ. ‘ವರ್ಗ’ ಬೇರೇನೋ ಆಗಿ ಕೂತಿರುತ್ತದೆ. ಮುದ್ರಣಕ್ಕೆ ಹತ್ತು ದಿನ ಇರುವಾಗ ಇದು ಪತ್ತೆಯಾದರೆ ಬೆರಳಚ್ಚು ಮಾಡಲು ಹೊರಗಿನವರನ್ನು ಒಳಗೆ ಕರೆಯಬೇಕಾಗುತ್ತದೆ, ಗೌಪ್ಯತೆ ಅಲ್ಲಿಗೆ ಮುಗಿಯಿತು. ಪರಿಹಾರ ಸರಳ: ಪತ್ರದಲ್ಲೇ ‘ಯುನಿಕೋಡ್ ಕಡತ ಮತ್ತು ಅದರ ಪಿಡಿಎಫ್ ಎರಡೂ’ ಎಂದು ಬರೆಯಿರಿ, ಬಂದ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಚ್ಚಾಗುವ ಇತಿಹಾಸ, ಅರ್ಥಶಾಸ್ತ್ರ, ವಾಣಿಜ್ಯದ ಪತ್ರಿಕೆಗಳಲ್ಲಿ ಎರಡೂ ಪಾಠ ಒಂದೇ ಪ್ರಶ್ನೆ ಕೇಳುತ್ತಿವೆಯೇ ಎಂದು ಓದಲು ಪರಿಶೀಲನಾ ಮಂಡಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ಒಬ್ಬರು ಇರಲೇಬೇಕು. ‘ಗೊಂದಲವಿದ್ದಲ್ಲಿ ಇಂಗ್ಲಿಷ್ ಪಾಠವೇ ಅಂತಿಮ’ ಎಂಬ ಸಾಲು ಹಾಕಿ ಕೈತೊಳೆದುಕೊಳ್ಳುವುದು ಕನ್ನಡ ಮಾಧ್ಯಮದ ಹುಡುಗನಿಗೆ ಮಾಡುವ ಅನ್ಯಾಯ.

ಇನ್ನು ಕೋಡಿಂಗ್, ಅಂದರೆ ಉತ್ತರ ಪತ್ರಿಕೆ ಯಾರದೆಂದು ಗೊತ್ತಾಗದಂತೆ ನೋಂದಣಿ ಸಂಖ್ಯೆಯ ಬದಲು ಗುಪ್ತ ಸಂಖ್ಯೆ ಹಾಕುವುದು. ಉತ್ತರ ಪತ್ರಿಕೆಯ ಮುಖಪುಟದಲ್ಲಿ ನೋಂದಣಿ ಸಂಖ್ಯೆ ಇರುವ ಚೀಟಿ ಹರಿದು ತೆಗೆಯುವಂತಿರಲಿ. ಕೊಠಡಿಗಳಿಂದ ಬಂದ ಪತ್ರಿಕೆಗಳನ್ನು ಮೊದಲು ಕಲಸಿ, ಆಮೇಲೆ ಚೀಟಿಗೂ ಪತ್ರಿಕೆಗೂ ಒಂದೇ ಕೋಡ್ ಸಂಖ್ಯೆ ಹಾಕಿ. ಆಸನದ ಕ್ರಮದಲ್ಲೇ ಕೋಡ್ ಕೊಟ್ಟರೆ ಒಬ್ಬರ ಸಂಖ್ಯೆ ಗೊತ್ತಾದವರಿಗೆ ಇಡೀ ಕೊಠಡಿಯದು ಗೊತ್ತಾಗುತ್ತದೆ. ಚೀಟಿಗಳು ಮೊಹರು ಮಾಡಿದ ಲಕೋಟೆಯಲ್ಲಿ ನಿಯಂತ್ರಕರ ಬೀರುವಿಗೆ, ಪತ್ರಿಕೆಗಳು 40ರ ಬಂಡಲ್ ಆಗಿ ಮೌಲ್ಯಮಾಪನ ಕೋಣೆಗೆ. ಮೌಲ್ಯಮಾಪಕರು ಮೊದಲ ಪತ್ರಿಕೆ ತೆರೆಯುವ ಮುಂಚೆ ಎಣಿಸಿ ಸಹಿ ಹಾಕಬೇಕು. ಬಂಡಲಿನಲ್ಲಿ 39 ಇದ್ದದ್ದು ಸಂಜೆ ಗೊತ್ತಾದರೆ ಆ ಒಂದು ಪತ್ರಿಕೆ ಎಲ್ಲಿ ಹೋಯಿತೆಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಅಂಕಗಳನ್ನು ಇಬ್ಬರು ಬೇರೆಬೇರೆಯಾಗಿ ಕಂಪ್ಯೂಟರಿಗೆ ಹಾಕಲಿ, ತಂತ್ರಾಂಶ ಎರಡನ್ನೂ ಹೋಲಿಸಲಿ, ತಾಳೆಯಾಗದ್ದನ್ನು ಮಾತ್ರ ಪತ್ರಿಕೆ ತೆಗೆದು ನೋಡಿ. ಗೈರುಹಾಜರಿಗೆ ಖಾಲಿ ಬಿಡಬೇಡಿ, ‘ಗೈರು’ ಎಂಬ ಗುರುತನ್ನೇ ಹಾಕಿ. ಖಾಲಿ ಜಾಗವನ್ನು ಸೊನ್ನೆ ಎಂದು ಓದುವ ತಂತ್ರಾಂಶ ಸಾಕಷ್ಟಿವೆ. ಪರೀಕ್ಷೆಗೆ ಬಾರದವನು ಬಂದು ಸೊನ್ನೆ ತೆಗೆದಂತೆ ಅಂಕಪಟ್ಟಿ ಅಚ್ಚಾಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ ಇದರ ತಿರುಗುಮುರುಗು, ಬರೆದ ಮಗುವನ್ನು ಗೈರು ಎಂದು ತೋರಿಸುವುದು. ಫಲಿತಾಂಶದ ಹಿಂದಿನ ದಿನ ಕೊಠಡಿ ಮೇಲ್ವಿಚಾರಕರು ಸಹಿ ಮಾಡಿದ ಗೈರುಪಟ್ಟಿಯ ಜೊತೆ ಈ ಒಂದು ಅಂಕಣವನ್ನು ಕೈಯಲ್ಲೇ ತಾಳೆ ನೋಡಿ.

ತಾಲೀಮು

ಇದನ್ನೆಲ್ಲ ಮೊದಲ ಬಾರಿ ನಿಜವಾದ ಪರೀಕ್ಷೆಯಲ್ಲೇ ಮಾಡಬೇಡಿ. ಸ್ವಾಯತ್ತತೆ ಬರುವ ಹಿಂದಿನ ವರ್ಷ, ಹೇಗೂ ನಡೆಯುವ ಎರಡನೇ ಆಂತರಿಕ ಪರೀಕ್ಷೆಯನ್ನು ಪೂರ್ಣ ಪ್ರಮಾಣದಲ್ಲಿ ನಡೆಸಿ. 120 ಮಕ್ಕಳು, ಮೂರು ಪತ್ರಿಕೆ, 360 ಉತ್ತರ ಪತ್ರಿಕೆ ಸಾಕು. ಹೊರಗಿನಿಂದ ಪ್ರಶ್ನೆಪತ್ರಿಕೆ, ಕೋಡಿಂಗ್, ಕೇಂದ್ರೀಕೃತ ಮೌಲ್ಯಮಾಪನ, ಎರಡು ಕೈ ದಾಖಲೆ, ಹತ್ತನೇ ದಿನ ಫಲಿತಾಂಶ. ಮುಗಿದ ಮೇಲೆ ತಪ್ಪುಗಳನ್ನು ಎಣಿಸಿ: ಕೂಡಿದ್ದು ತಪ್ಪಾದ ಪತ್ರಿಕೆ ಎಷ್ಟು, ಮೌಲ್ಯಮಾಪನ ಮಾಡದೆ ಬಿಟ್ಟ ಉತ್ತರ ಎಷ್ಟು, ದಾಖಲೆ ತಾಳೆಯಾಗದ್ದು ಎಷ್ಟು. 360ರಲ್ಲಿ 18 ತಪ್ಪು ಸಿಕ್ಕರೆ ಅದು ಶೇ. 5. ಅದೇ ದರದಲ್ಲಿ 9,660ಕ್ಕೆ 483 ತಕರಾರು. ಈ ಒಂದು ಸಂಖ್ಯೆಯನ್ನು ಸಿಬ್ಬಂದಿ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದರೆ ತರಬೇತಿ ಕಾರ್ಯಾಗಾರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ತಪ್ಪು ಮಾಡಿದವರ ಹೆಸರು ಮಾತ್ರ ಬರೆಯಬೇಡಿ.

ಅಧ್ಯಾಪಕರು ಯಾಕೆ ಒಪ್ಪುವುದಿಲ್ಲ

ಸಭೆಯಲ್ಲಿ ಕೇಳಿಬರುವ ಕಾರಣ ‘ಗುಣಮಟ್ಟ’, ‘ವಿದ್ಯಾರ್ಥಿಗಳ ಹಿತ’. ಮನಸ್ಸಿನಲ್ಲಿರುವುದು ಬಹಳ ಸಲ ಕಾರ್ಯಭಾರ. ಅದು ಸಣ್ಣ ವಿಷಯವಲ್ಲ. ಕನ್ನಡ ವಿಭಾಗಕ್ಕೆ ಮೊದಲ ವರ್ಷದಲ್ಲಿ ಎಂಟು ಸೆಕ್ಷನ್, ವಾರಕ್ಕೆ ನಾಲ್ಕು ಗಂಟೆ ಎಂದರೆ 32 ಗಂಟೆ, ಇಬ್ಬರ ಪೂರ್ಣ ಕಾರ್ಯಭಾರ. ಹೊಸ ಅಧ್ಯಯನ ಮಂಡಳಿ ಇನ್ನಾವುದೋ ಕೌಶಲ ಪತ್ರಿಕೆಗೆ ಜಾಗ ಮಾಡಲು ಭಾಷೆಯನ್ನು ಮೂರು ಗಂಟೆಗೆ ಇಳಿಸಿದರೆ 24 ಗಂಟೆ, ಒಂದೂವರೆ ಜನ. ಆ ಅರ್ಧ ಜನ ಯಾರು? ಅನುದಾನಿತ ಕಾಲೇಜಾದರೆ ನಾಳೆ ಒಂದು ಹುದ್ದೆ ಖಾಲಿಯಾದಾಗ ತುಂಬಲು ಕಾರ್ಯಭಾರ ಇಲ್ಲ ಎಂಬ ಟಿಪ್ಪಣಿ ಬರುತ್ತದೆ. ಅತಿಥಿ ಉಪನ್ಯಾಸಕರಾದರೆ ಜೂನ್‌ನಲ್ಲಿ ಫೋನೇ ಬರುವುದಿಲ್ಲ. ಹೀಗಿರುವಾಗ ಬದಲಾವಣೆಯನ್ನು ಯಾರಾದರೂ ಚಪ್ಪಾಳೆ ತಟ್ಟಿ ಸ್ವಾಗತಿಸಬೇಕೆಂದು ಬಯಸುವುದೇ ತಪ್ಪು.

ಮಾಡಬೇಕಾದ್ದು ಎರಡು. ಪಠ್ಯಕ್ರಮದ ಪ್ರತಿ ಪ್ರಸ್ತಾವದ ಜೊತೆ ಒಂದು ಪುಟದ ಕಾರ್ಯಭಾರ ಪಟ್ಟಿ ಕಡ್ಡಾಯ ಮಾಡಿ: ವಿಭಾಗ, ಈಗಿನ ಗಂಟೆ, ಮುಂದಿನ ಗಂಟೆ, ವ್ಯತ್ಯಾಸ. ಪಟ್ಟಿ ಇಲ್ಲದ ಪ್ರಸ್ತಾವ ಮಂಡಳಿಯ ಮುಂದೆ ಬರಲೇಬಾರದು. ಎರಡನೆಯದಾಗಿ, ಮೊದಲ ಮೂರು ವರ್ಷ ಯಾವ ವಿಭಾಗದ ಒಟ್ಟು ಗಂಟೆಯೂ ಈಗಿರುವುದಕ್ಕಿಂತ ಕಡಿಮೆಯಾಗದು ಎಂದು ಆಡಳಿತ ಮಂಡಳಿಯಿಂದ ಲಿಖಿತ ನಿರ್ಣಯ ಮಾಡಿಸಿ ಸೂಚನಾ ಫಲಕಕ್ಕೆ ಹಾಕಿ. ಇದರಿಂದ ಪಠ್ಯಕ್ರಮ ಸುಧಾರಣೆ ಸ್ವಲ್ಪ ನಿಧಾನವಾಗುತ್ತದೆ ಎಂಬುದು ನಿಜ. ಆದರೆ ಪರೀಕ್ಷಾ ಕೆಲಸಕ್ಕೆ ಮನಸ್ಸಿಟ್ಟು ಬರುವ ಜನ ಸಿಗುತ್ತಾರೆ, ಮೊದಲ ಮೂರು ವರ್ಷ ಬೇಕಾಗಿರುವುದು ಅದೇ.

ಪಠ್ಯಕ್ರಮವನ್ನೂ ಒಮ್ಮೆಗೇ ಬದಲಿಸಬೇಡಿ. ಮೊದಲ ಬ್ಯಾಚಿಗೆ ಶೇ. 20ರಿಂದ 30ರಷ್ಟು ಸಾಕು. ಕಾರಣ ಸಂಪ್ರದಾಯವಲ್ಲ: ತಂದೆಗೆ ವರ್ಗವಾಯಿತೆಂದು ಮೂರನೇ ಸೆಮಿಸ್ಟರಿಗೆ ಬೇರೆ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ತತ್ಸಮಾನತೆ, ಅಂದರೆ ಎರಡು ಕಡೆಯ ಪತ್ರಿಕೆಗಳು ಸಮವೇ ಎಂದು ನೋಡುತ್ತದೆ. ಪತ್ರಿಕೆಗಳು ಪೂರ್ತಿ ಬೇರೆಯಾಗಿದ್ದರೆ ಆ ಮಗು ಎರಡು ಕಡೆಯೂ ಸಲ್ಲದಂತಾಗುತ್ತದೆ.

ಇನ್ನೊಂದು ಆತಂಕ ಇದೆ, ಅದನ್ನು ಅಧ್ಯಾಪಕರು ಒಪ್ಪಿಕೊಳ್ಳುವುದು ಕಷ್ಟ. ಇಷ್ಟು ದಿನ ಅಪರಿಚಿತರು ಅಂಕ ಹಾಕುತ್ತಿದ್ದರು. ಇನ್ನು ಮೇಲೆ ‘ಸರ್, ಎರಡೇ ಅಂಕ ಕಡಿಮೆ’ ಎಂದು ಮನೆ ಬಾಗಿಲಿಗೆ ಬರುವವರು ಇರುತ್ತಾರೆ, ಅವರಲ್ಲಿ ಕೆಲವರು ಊರಿನ ಮುಖಂಡರ ಪತ್ರ ಹಿಡಿದು ಬರುತ್ತಾರೆ. ಕೋಡಿಂಗ್ ಗಟ್ಟಿಯಾಗಿದ್ದರೆ ‘ಯಾರ ಪತ್ರಿಕೆ ಯಾವುದೆಂದು ನನಗೇ ಗೊತ್ತಿಲ್ಲ’ ಎಂಬ ಉತ್ತರ ನಿಜವಾಗಿರುತ್ತದೆ. ಜೊತೆಗೆ, ಮಕ್ಕಳೋ ಹತ್ತಿರದ ಸಂಬಂಧಿಗಳೋ ಅದೇ ಕಾಲೇಜಿನಲ್ಲಿ ಓದುತ್ತಿರುವ ಸಿಬ್ಬಂದಿ ಪ್ರತಿ ಸೆಮಿಸ್ಟರ್ ಘೋಷಣಾ ಪತ್ರ ಕೊಟ್ಟು ಆ ತರಗತಿಯ ಪರೀಕ್ಷಾ ಕೆಲಸದಿಂದ ಹೊರಗಿರಬೇಕು. ಅಟೆಂಡರ್‌ಗೂ ಇದು ಅನ್ವಯ.

ಆಂತರಿಕ ಅಂಕಗಳಿಗೆ ಕೋಡಿಂಗ್ ಇಲ್ಲ, ಆದ್ದರಿಂದ ಅಲ್ಲಿ ಬೇರೆ ಕಾವಲು ಬೇಕು. ಪರೀಕ್ಷೆಗೆ ಹತ್ತು ದಿನ ಮುಂಚೆ ಅಂಕಗಳನ್ನು ಫಲಕಕ್ಕೆ ಹಾಕಿ ವಿದ್ಯಾರ್ಥಿಗಳ ಸಹಿ ಪಡೆಯಿರಿ. ಫಲಿತಾಂಶ ಬಂದ ಮೇಲೆ ಪ್ರತಿ ಪತ್ರಿಕೆಯ ಆಂತರಿಕ ಸರಾಸರಿ ಮತ್ತು ಅಂತಿಮ ಪರೀಕ್ಷೆಯ ಸರಾಸರಿಯನ್ನು ಶೇಕಡಾವಾರು ಪಕ್ಕಪಕ್ಕ ಇಡಿ. ಆಂತರಿಕದಲ್ಲಿ ಶೇ. 92, ಅಂತಿಮದಲ್ಲಿ ಶೇ. 38 ಇರುವ ಪತ್ರಿಕೆಗೆ ವಿಭಾಗ ಮುಖ್ಯಸ್ಥರಿಂದ ಲಿಖಿತ ವಿವರಣೆ ಕೇಳಿ. ಒಮ್ಮೆ ಕೇಳಿದರೆ ಸಾಕು, ಮುಂದಿನ ಸೆಮಿಸ್ಟರಿಗೆ ತಾನಾಗಿಯೇ ಸರಿಹೋಗುತ್ತದೆ.

ಮಂಡಳಿಗಳು

ಆಡಳಿತ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಅಧ್ಯಯನ ಮಂಡಳಿಗಳು, ಹಣಕಾಸು ಸಮಿತಿ. ಇವುಗಳ ರಚನೆ ನಿಯಮಾವಳಿಯಲ್ಲೇ ಇದೆ. ಪತ್ರವ್ಯವಹಾರದ ಪ್ರಮಾಣ ಮಾತ್ರ ಯಾರ ಅಂದಾಜಿಗೂ ಬಂದಿರುವುದಿಲ್ಲ. ಪ್ರತಿ ಅಧ್ಯಯನ ಮಂಡಳಿಗೆ ಹೊರಗಿನ ಇಬ್ಬರು ವಿಷಯತಜ್ಞರು, ಕುಲಪತಿಗಳು ನಾಮಕರಣ ಮಾಡುವ ಒಬ್ಬರು, ಉದ್ಯಮ ಕ್ಷೇತ್ರದ ಒಬ್ಬರು, ಹಳೆಯ ವಿದ್ಯಾರ್ಥಿ ಒಬ್ಬರು ಬೇಕು. ಹದಿನಾಲ್ಕು ವಿಭಾಗವಿದ್ದರೆ 70 ಜನ. ಕುಲಪತಿಗಳ ನಾಮಕರಣಕ್ಕೆ ಪ್ರಾಂಶುಪಾಲರು ಆರು ಹೆಸರಿನ ಪಟ್ಟಿ ಕಳಿಸಬೇಕು, ಅಂದರೆ 84 ಹೆಸರು, ಹುದ್ದೆ, ವಿಳಾಸ. ಸ್ವಾಯತ್ತತೆಯ ಪತ್ರ ಬರುವ ಮೊದಲೇ ಈ ಪಟ್ಟಿ ಸಿದ್ಧವಿದ್ದರೆ ಎರಡು ತಿಂಗಳು ಉಳಿಯುತ್ತದೆ. ಮೊದಲು ಅಧ್ಯಯನ ಮಂಡಳಿ, ಆಮೇಲೆ ಪರಿಷತ್ತು, ಆಮೇಲೆ ಆಡಳಿತ ಮಂಡಳಿ ಎಂಬ ಕ್ರಮ ತಪ್ಪಬಾರದು. ಪಾಠ ಶುರುವಾದ ಮೇಲೆ ಪಠ್ಯಕ್ರಮಕ್ಕೆ ಹಿಂದಿನ ದಿನಾಂಕ ಹಾಕಿ ಒಪ್ಪಿಗೆ ಪಡೆದರೆ ಅದು ಯಾವತ್ತಾದರೂ ಕೋರ್ಟಿನಲ್ಲಿ ಎದ್ದು ಕೂರುತ್ತದೆ.

ನಿಯಮಾವಳಿ ಎರಡು ಪುಸ್ತಕವಾಗಿರಲಿ

ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ ಮತ್ತೆ ಮೂರು ವರ್ಷದ ಪದವಿ. ಆದೇಶ ಬಂದದ್ದು 2024ರ ಮೇ ತಿಂಗಳಲ್ಲಿ, ಪ್ರವೇಶ ಶುರುವಾಗುವ ಹೊತ್ತಿಗೆ. ಒಂದೇ ಕಾಲೇಜಿನಲ್ಲಿ ಎರಡು ಪದ್ಧತಿಯ ಬ್ಯಾಚುಗಳು ಪಕ್ಕಪಕ್ಕದ ಕೊಠಡಿಯಲ್ಲಿ ಕೂತವು. ಇಂಥದ್ದು ಮುಂದೆಯೂ ಬರುತ್ತದೆ. ಆದ್ದರಿಂದ ಹಾಜರಾತಿ, ಪರೀಕ್ಷೆ, ಕೃಪಾಂಕ, ಮರುಮೌಲ್ಯಮಾಪನ, ಅವ್ಯವಹಾರ ಇವುಗಳ ನಿಯಮ ಒಂದು ಪುಸ್ತಕದಲ್ಲಿ ಸ್ಥಿರವಾಗಿರಲಿ. ಪತ್ರಿಕೆ, ಕ್ರೆಡಿಟ್, ಆಂತರಿಕ ಮತ್ತು ಅಂತಿಮ ಅಂಕಗಳ ಪ್ರಮಾಣ ಇವು ಬ್ಯಾಚುವಾರು ಇನ್ನೊಂದು ಪುಸ್ತಕದಲ್ಲಿರಲಿ. ನೀತಿ ಬದಲಾದಾಗ ಎರಡನೆಯದನ್ನು ಮಾತ್ರ ಬದಲಿಸಿದರಾಯಿತು.

ಪತ್ರಿಕೆಯ ಸಂಕೇತದಲ್ಲಿ ಪ್ರವೇಶದ ವರ್ಷ ಇರಲೇಬೇಕು. ಹಳೆಯ ಪದ್ಧತಿಯಲ್ಲೂ ಹೊಸದರಲ್ಲೂ ಮೊದಲ ಕನ್ನಡ ಪತ್ರಿಕೆಗೆ 101 ಎಂದೇ ಇದ್ದರೆ ಯಾವನೋ ಹಳೆಯ ವಿದ್ಯಾರ್ಥಿಗೆ ಹೊಸ ಪಠ್ಯದ ಪ್ರಶ್ನೆಪತ್ರಿಕೆ ಸಿಗುತ್ತದೆ. 25-101, 26-101 ಎಂದಿದ್ದರೆ ಕೊಠಡಿ ಮೇಲ್ವಿಚಾರಕರಿಗೂ ಕಣ್ಣಿಗೆ ಬೀಳುತ್ತದೆ.

ಉತ್ತರ ಪತ್ರಿಕೆಯ ಪ್ರತಿ ಕೊಡುವ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ನಿಯಮದಲ್ಲಿ ಸೇರಿಸಿ. ಮೌಲ್ಯಮಾಪನವಾದ ತನ್ನ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡುವ ಅಧಿಕಾರ ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಕೊಡುವುದಿಲ್ಲ ಎಂದು ಹಟ ಹಿಡಿಯುವುದಕ್ಕಿಂತ ಶುಲ್ಕ, ಗಡುವು ನಿಗದಿ ಮಾಡಿ ಕೊಡುವುದು ಮೇಲು. ಪ್ರತಿ ಕೈಸೇರಿದ ಮೇಲೆ ಅರ್ಧಕ್ಕರ್ಧ ತಕರಾರು ಅಲ್ಲೇ ನಿಲ್ಲುತ್ತವೆ ಎಂಬ ನಿರೀಕ್ಷೆ ಬೇಡ, ಆದರೆ ಉಳಿದವು ‘ಅನ್ಯಾಯ’ ಎಂಬ ಕೂಗಾಗಿ ಬಾರದೆ ‘ನಾಲ್ಕನೇ ಪ್ರಶ್ನೆಯ ಬಿ ಭಾಗ’ ಎಂಬ ನಿರ್ದಿಷ್ಟ ಅರ್ಜಿಯಾಗಿ ಬರುತ್ತವೆ.

ಹಣ

ಯಂತ್ರ, ಬೀರು, ತಂತ್ರಾಂಶ, ಸಿಸಿಟಿವಿ ಎಲ್ಲ ಮೊದಲ ವರ್ಷವೇ ಬೇಕು. ನಿಮ್ಮ ಕೈಗೆ ಬರುವ ಪರೀಕ್ಷಾ ಶುಲ್ಕ ಮಾತ್ರ ಮೂರರಲ್ಲಿ ಒಂದು ಪಾಲು ಮಕ್ಕಳದು, ಉಳಿದವರದು ಇನ್ನೂ ವಿಶ್ವವಿದ್ಯಾಲಯಕ್ಕೆ. ಮೊದಲ ಎರಡು ವರ್ಷ ಪರೀಕ್ಷಾ ಖಾತೆ ಕೊರತೆಯಲ್ಲೇ ಇರುತ್ತದೆ, ಆ ಕೊರತೆಯನ್ನು ಸಂಸ್ಥೆ ತುಂಬುತ್ತದೆಂದು ಮೊದಲೇ ನಿರ್ಣಯ ಬೇಕು. ಅನುದಾನ ಬರುತ್ತದೆಂಬ ನಂಬಿಕೆಯ ಮೇಲೆ ಬಜೆಟ್ ಬರೆಯಬೇಡಿ. ಪರೀಕ್ಷೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ, ಮೌಲ್ಯಮಾಪಕರ ಸಂಭಾವನೆ ಕೊನೆಯ ದಿನ ಸಂಜೆಯೇ ಸಂದಾಯವಾಗಲಿ. ಹೊರಗಿನಿಂದ ಬಂದವರು ಮುಂದಿನ ಸಲ ಬರುವುದು ಬಿಡುವುದು ಇದರ ಮೇಲೆ ನಿಂತಿದೆ.

ಎರಡು ದೋಣಿಯಲ್ಲಿ ಕಾಲು

ಸ್ವಾಯತ್ತತೆ ಹೊಸದಾಗಿ ಸೇರುವ ಬ್ಯಾಚಿನಿಂದ ಶುರುವಾಗುತ್ತದೆ. ಮೊದಲೇ ಇದ್ದವರು ವಿಶ್ವವಿದ್ಯಾಲಯದ ಪರೀಕ್ಷೆಯನ್ನೇ ಬರೆದು ಮುಗಿಸುತ್ತಾರೆ. ಎರಡು ವರ್ಷ ಕಾಲೇಜಿನಲ್ಲಿ ಎರಡು ವೇಳಾಪಟ್ಟಿ, ಎರಡು ಬಗೆಯ ಪ್ರವೇಶಪತ್ರ. ಹಿಂದೆ ಉಳಿದ ಪತ್ರಿಕೆಗಳವರನ್ನು ಸೇರಿಸಿದರೆ ಇನ್ನೂ ಹೆಚ್ಚು ಕಾಲ. ವಿಶ್ವವಿದ್ಯಾಲಯ ತನ್ನ ಪರೀಕ್ಷೆಯ ದಿನಾಂಕ ಮುಂದೂಡಿದರೆ ನಿಮ್ಮ ಕೊಠಡಿಗಳೂ ಮೇಲ್ವಿಚಾರಕರೂ ಎರಡು ಕಡೆ ಬೇಕಾಗುತ್ತಾರೆ. ನಿಮ್ಮ ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಇಡುವುದೋ, ವಿಶ್ವವಿದ್ಯಾಲಯದ ಪರೀಕ್ಷೆ ಇಲ್ಲದ ದಿನಗಳಲ್ಲಿ ಇಡುವುದೋ ಎಂಬುದನ್ನು ಜುಲೈನಲ್ಲೇ ತೀರ್ಮಾನಿಸಿ.

ಅತಿ ಹೆಚ್ಚು ತಲೆನೋವು ಕೊಡುವವರು ನಡುವೆ ಓದು ಬಿಟ್ಟು ಮತ್ತೆ ಬರುವವರು. ಹಳೆಯ ಪದ್ಧತಿಯಲ್ಲಿ ಎರಡು ಸೆಮಿಸ್ಟರ್ ಮುಗಿಸಿ, ಒಂದು ವರ್ಷ ಕೆಲಸಕ್ಕೆ ಹೋಗಿ ಮರಳುವ ಹುಡುಗಿ ಈಗ ಯಾರ ವಿದ್ಯಾರ್ಥಿನಿ? ಅವಳಿಗೆ ಯಾವ ಪತ್ರಿಕೆ ತತ್ಸಮಾನ, ಯಾವುದನ್ನು ಹೆಚ್ಚುವರಿ ಬರೆಯಬೇಕು ಎಂಬ ಕೋಷ್ಟಕವನ್ನು ಪರಿಷತ್ತಿನ ಮೊದಲ ಸಭೆಯಲ್ಲೇ ಒಪ್ಪಿಸಿಕೊಳ್ಳಿ. ಒಬ್ಬೊಬ್ಬರು ಬಂದಾಗ ಒಂದೊಂದು ಬಗೆಯಲ್ಲಿ ತೀರ್ಮಾನಿಸಿದರೆ ಮೂರನೆಯವರು ಮೊದಲ ಇಬ್ಬರ ಆದೇಶ ಹಿಡಿದು ಬರುತ್ತಾರೆ.

ಪೋಷಕರಿಗೆ ಪ್ರವೇಶದ ದಿನವೇ ಕನ್ನಡದಲ್ಲಿ ಒಂದು ಪುಟ ಕೊಡಿ. ಅವರ ಪ್ರಶ್ನೆ ಒಂದೇ: ‘ಪದವಿ ಯಾರು ಕೊಡ್ತಾರೆ?’ ಉತ್ತರ: ಪರೀಕ್ಷೆ, ಅಂಕಪಟ್ಟಿ ಕಾಲೇಜಿನದು. ಪದವಿ ಪ್ರಮಾಣಪತ್ರ ವಿಶ್ವವಿದ್ಯಾಲಯದ್ದು, ಅದರ ಮೇಲೆ ಕಾಲೇಜಿನ ಹೆಸರೂ ಇರುತ್ತದೆ.

ಆ ಪ್ರಮಾಣಪತ್ರದ ಕೆಲಸವೂ ಪ್ರವೇಶದ ದಿನವೇ ಶುರುವಾಗಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಹೆಚ್.’, ಆಧಾರ್‌ನಲ್ಲಿ ‘ಎಚ್. ಮಂಜುನಾಥ್’, ಅರ್ಜಿಯಲ್ಲಿ ಅವನೇ ಬರೆದದ್ದು ‘ಮಂಜು’. ವಿದ್ಯಾರ್ಥಿಗಳ ಕ್ರೆಡಿಟ್‌ಗಳನ್ನು ಆನ್‌ಲೈನಿನಲ್ಲಿ ಜಮಾ ಮಾಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಗೆ ಅಂಕ ಏರಿಸುವಾಗ ಹೆಸರು ತಾಳೆಯಾಗದೆ ತಿರಸ್ಕಾರವಾಗುತ್ತದೆ. ಅದು ಗೊತ್ತಾಗುವುದು ಆರನೇ ಸೆಮಿಸ್ಟರ್ ಮುಗಿದು ಘಟಿಕೋತ್ಸವದ ಪಟ್ಟಿ ಕಳಿಸುವ ವಾರದಲ್ಲಿ, ಹುಡುಗ ಕೆಲಸಕ್ಕೆ ಸೇರಿ ಫೋನ್ ತೆಗೆಯದಿರುವಾಗ. ಮೊದಲ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟಿಸಿಕೊಳ್ಳುವಾಗಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರು ಅಚ್ಚು ಮಾಡಿದ ಒಂದು ಹಾಳೆ ಕೊಟ್ಟು, ಓದಿಸಿ, ವಿದ್ಯಾರ್ಥಿಯ ಸಹಿ ಹಾಕಿಸಿಕೊಂಡು ಕಡತಕ್ಕೆ ಸೇರಿಸಿ. ಆಧಾರ್‌ನಲ್ಲಿ ಬೇರೆ ಇದ್ದರೆ ತಿದ್ದಿಸಿಕೊಂಡು ಬರಲು ಎರಡನೇ ಸೆಮಿಸ್ಟರಿನ ಶುಲ್ಕದ ದಿನವೇ ಗಡುವು.